ಎಲುಬಿನೊಳಗಣ ಫ್ಲೋರಿನ್: ಪರಮಾಣು ವೈದ್ಯಚಿತ್ರಣದ ಒಂದು ಸಮೀಕ್ಷೆ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯ ಸಂತೆಗಳಲ್ಲಿ ನಡುವಯಸ್ಸಿನ ರೈತನೊಬ್ಬನು ಮನಬಿಚ್ಚಿ ನಕ್ಕಾಗ ಅವನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದುಬಣ್ಣದ ಪಟ್ಟೆಗಳು ಕಂಡುಬರುವುದುಂಟು. ಹೊರಗಿನಿಂದ ಬಂದವರು ಅದನ್ನು ಎಲೆಯಡಿಕೆಯ ಕಲೆಯೆಂದೋ ತಂಬಾಕಿನ ಕಲೆಯೆಂದೋ ಬಗೆದು ಸುಮ್ಮನಾಗುವರು. ಆದರೆ ಅದು ಉಜ್ಜಿದರೆ ಹೋಗುವ ಕಲೆಯಲ್ಲ. ಶಾಶ್ವತ ದಂತಗಳು ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿದ್ದ ಎಳವೆಯಲ್ಲಿ ಆತನು ಕುಡಿದ ನೀರು ಎಂತಹುದಾಗಿದ್ದಿತೆಂಬುದನ್ನು ಆ ಪಟ್ಟೆಗಳು ಬದುಕಿನುದ್ದಕ್ಕೂ ಸಾರುತ್ತಿರುತ್ತವೆ. ಈ ಭಾಗದ ಗ್ರಾನೈಟ್ ಹಾಗೂ ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ತಂಗಿದ ಅಂತರ್ಜಲವು ಶಿಲೆಯೊಳಗಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೆರೆಗಳೂ ತೆರೆದ ಬಾವಿಗಳೂ ಬತ್ತಿ, ಕೊಳವೆಬಾವಿಗಳು ಆಳದಿಂದ ಆಳಕ್ಕೆ ಇಳಿದಂತೆಲ್ಲ, ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದ ಆ ನೀರು ಅನೇಕ ಹಳ್ಳಿಗಳಿಗೆ ನಿತ್ಯಪಾನವಾಯಿತು. ಹಲ್ಲಿನ ಮೇಲೆ ಕಂಡದ್ದು ಹಲ್ಲಿನಲ್ಲಿಯೇ ನಿಲ್ಲುವುದಿಲ್ಲ. ವರ್ಷಾನುವರ್ಷ ಕುಡಿದವರ ಎಲುಬುಗಳು ದಟ್ಟವಾಗಿ, ಬೆನ್ನು ಬಾಗದೆ, ಕೀಲುಗಳು ಬಿಗಿದು, ಕೊನೆಗೆ ಮನುಷ್ಯನು ಗೂನಾಗಿ ಕೋಲೂರುವ ಸ್ಥಿತಿಯೂ ಬರಬಹುದು. ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ವ್ಯಾಧಿಯನ್ನು ಶಾರ್ಟ್ ಎಂಬವರೂ ಅವರ ಸಹೋದ್ಯೋಗಿಗಳೂ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಗುರುತಿಸಿ 1937ರಲ್ಲಿ ವರದಿ ಮಾಡಿದರು.

ಪರಮಾಣು ವೈದ್ಯಚಿತ್ರಣವನ್ನು ಕುರಿತು ಬರೆಯಹೊರಟವನು ಹಲ್ಲಿನ ಕಲೆಯಿಂದ ಆರಂಭಿಸಿದ್ದೇಕೆಂದು ಓದುಗರು ಕೇಳಬಹುದು. ಕಾರಣವಿಷ್ಟೆ: ಯಲಬುರ್ಗಾದ ಮುದುಕನ ಬೆನ್ನನ್ನು ಬಗ್ಗಿಸಿದ ಫ್ಲೋರಿನ್ ಎಂಬ ಅದೇ ಧಾತುವಿನ ಒಂದು ಅಲ್ಪಾಯುಷಿ ರೂಪವನ್ನೇ ಇಂದಿನ ವೈದ್ಯರು ಅರ್ಬುದ ಎಲ್ಲಿ ಅಡಗಿದೆ, ಮಿದುಳಿನ ಯಾವ ಭಾಗ ಸೋತಿದೆ, ಹೃದಯದ ಯಾವ ಅಂಚು ಇನ್ನೂ ಜೀವಂತವಾಗಿದೆ ಎಂಬುದನ್ನು ಕಂಡುಕೊಳ್ಳುವುದಕ್ಕೆ ದೇಹದೊಳಕ್ಕೆ ಕಳುಹಿಸುತ್ತಾರೆ.

ಮೊದಲು ಹೆಸರಿನ ಮಾತು. ನಮ್ಮ ರೋಗಿಗಳ ಬಾಯಲ್ಲಿ ಇದು ‘ಪೆಟ್ ಸ್ಕ್ಯಾನ್’, ‘ಬೋನ್ ಸ್ಕ್ಯಾನ್’, ‘ಥಾಲಿಯಂ’. ಪುಸ್ತಕಗಳಲ್ಲಿ ‘ಪರಮಾಣು ವೈದ್ಯ’, ‘ಬೈಜಿಕ ವೈದ್ಯ’. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸಲು ಹೆಸರಿಸಿದ ಊರುಗಳಲ್ಲಿ ಕೊಪಣವೂ, ಅಂದರೆ ಇಂದಿನ ಕೊಪ್ಪಳವೂ, ಒಂದು. ಅಂತಹ ಊರಿನ ರೋಗಿಯ ಕೈಗೆ ಅವನಿಗೆ ತಿಳಿಯುವ ಒಂದು ಹೆಸರನ್ನು ಕೊಡದೆ ಬರಿಯ ಚೀಟಿಯನ್ನು ಕೊಟ್ಟು ಕಳುಹಿಸುತ್ತಿರುವುದು ವೈದ್ಯರ ತಪ್ಪಿಗಿಂತ ನಮ್ಮಂತಹ ಬರೆಯುವವರ ತಪ್ಪೇ ಹೆಚ್ಚೆಂದು ನನಗೆ ತೋರುತ್ತದೆ.

ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಇವು ಹೊರಗಿನಿಂದ ಏನನ್ನಾದರೂ ಹಾಯಿಸಿ ದೇಹದ ಆಕಾರವನ್ನು ಮುಖ್ಯವಾಗಿ ತೋರಿಸತಕ್ಕವು. ಪರಮಾಣು ಚಿತ್ರಣದ ಮಾರ್ಗ ಇದಕ್ಕೆ ತಿರುಗುಮುರುಗು. ಇಲ್ಲಿ ಬೆಳಕಿನ ಮೂಲವನ್ನೇ, ಅತ್ಯಲ್ಪ ಪ್ರಮಾಣದ ವಿಕಿರಣಪಟು ದ್ರವ್ಯದ ರೂಪದಲ್ಲಿ, ರಕ್ತನಾಳದೊಳಕ್ಕೆ ಚುಚ್ಚಿ, ಅದು ಎಲ್ಲಿಗೆ ಹೋಯಿತು, ಎಲ್ಲಿ ತಂಗಿತು ಎಂಬುದನ್ನು ಹೊರಗಿರುವ ಕ್ಯಾಮೆರಾ ಎಣಿಸುತ್ತದೆ. ಮೃತದೇಹದ ಸಿ.ಟಿ. ತೆಗೆದರೆ ಅವಯವಗಳೆಲ್ಲ ಇದ್ದಲ್ಲೇ ಇರುವುವು. ಈ ಪರೀಕ್ಷೆಯಲ್ಲಾದರೋ ಕತ್ತಲೆಯಲ್ಲದೆ ಬೇರೇನೂ ಕಾಣದು.

ಈ ವಿದ್ಯೆಯ ಮೂಲಪುರುಷರಲ್ಲೊಬ್ಬನಾದ ಹಂಗೇರಿಯ ಹೆವೆಶಿಯ ಕಥೆ ನಮ್ಮ ಕಡೆಯ ಖಾನಾವಳಿಗಳಲ್ಲಿ ಉಂಡವರಿಗೆಲ್ಲ ಹಿಡಿಸುವಂತಹುದು. 1911ರ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿ ಆತನಿದ್ದ ಊಟದ ಮನೆಯ ಒಡತಿಯು ತಟ್ಟೆಯಲ್ಲಿ ಮಿಕ್ಕುದನ್ನೇ ಮತ್ತೆ ಬಡಿಸುತ್ತಾಳೆಂದು ಆತನಿಗೆ ಸಂಶಯ. ಒಂದು ದಿನ ತಾನು ಬಿಟ್ಟ ಆಹಾರದಲ್ಲಿ ತುಸು ವಿಕಿರಣಪಟು ವಸ್ತುವನ್ನು ಬೆರೆಸಿಟ್ಟು, ಮುಂದಿನ ದಿನಗಳ ಊಟವನ್ನು ಉಪಕರಣದಿಂದ ಪರೀಕ್ಷಿಸಿ, ಕಳ್ಳತನವನ್ನು ಹಿಡಿದನಂತೆ. 1923ರಲ್ಲಿ ಇದೇ ಉಪಾಯದಿಂದ ಸಸ್ಯಗಳೊಳಗೆ ಸೀಸದ ಸಂಚಾರವನ್ನು ಹಿಂಬಾಲಿಸಿದನು. 1943ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಈ ‘ಹಿಂಬಾಲಿಸುವ’ ತತ್ತ್ವಕ್ಕಾಗಿಯೇ ಆತನಿಗೆ ಸಂದಿತು. ಹೆವೆಶಿಯ ಕೈಯಲ್ಲಿದ್ದುದು ಸೀಸ. ವೈದ್ಯರಿಗೆ ಬೇಕಾದುದು ದೇಹಕ್ಕೆ ಸೌಮ್ಯವಾದ ದ್ರವ್ಯ. ಅದು ದೊರಕಿದುದು ಟೆಕ್ನೀಶಿಯಂ ಎಂಬ ಮಾನವನಿರ್ಮಿತ ಧಾತುವಿನಲ್ಲಿ. ಪೆರ‍್ರಿಯೆ ಮತ್ತು ಸೆಗ್ರೆ ಎಂಬವರು 1937ರಲ್ಲಿ ಅದನ್ನು ಕಂಡುಹಿಡಿದರು. ಅದರ ಟೆಕ್ನೀಶಿಯಂ-99ಎಂ ಎಂಬ ಸಮಸ್ಥಾನಿಯ ಅರ್ಧಾಯು 6 ಗಂಟೆ. ಪರೀಕ್ಷೆ ಮುಗಿಸುವಷ್ಟು ದೀರ್ಘ, ರೋಗಿಯನ್ನು ಬಹುಕಾಲ ಕಾಡದಷ್ಟು ಹ್ರಸ್ವ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬ್ರೂಕ್‌ಹ್ಯಾವನ್ ಪ್ರಯೋಗಾಲಯದವರು ಮಾಲಿಬ್ಡಿನಂ ತುಂಬಿದ ಸಣ್ಣ ಸ್ತಂಭವೊಂದರಿಂದ ಪ್ರತಿದಿನವೂ ಟೆಕ್ನೀಶಿಯಮ್ಮನ್ನು ಹಿಂಡಿಕೊಳ್ಳುವ ಜನರೇಟರನ್ನು ರೂಪಿಸಿದರು. ಅದೇ ಕಾಲದಲ್ಲಿ ಹ್ಯಾಲ್ ಆ್ಯಂಗರ್ ಎಂಬಾತನು ಗಾಮಾ ಕ್ಯಾಮೆರಾವನ್ನು ಕಟ್ಟಿದನು. ಆ ಜನರೇಟರಿಗೆ ಹಸು ಮತ್ತು ಹಾಲಿನ ಹೋಲಿಕೆಯನ್ನು ಈ ಕಸುಬಿನವರೇ ಬಳಸುತ್ತಾರೆ: ದಿನವೂ ಕರೆದುಕೊಳ್ಳಬಹುದು, ಒಂದೆರಡು ವಾರದಲ್ಲಿ ಹಸು ಬತ್ತುತ್ತದೆ.

ನಮ್ಮ ದೇಶವು ಈ ದಾರಿಯಲ್ಲಿ ತೀರ ಹಿಂದುಳಿದಿರಲಿಲ್ಲ. ಟ್ರಾಂಬೆಯ ಅಪ್ಸರಾ ರಿಯಾಕ್ಟರು 1956ರ ಆಗಸ್ಟ್ 4ರಂದು ಜೀವತಳೆಯಿತು. ಮುಂಬಯಿಯಲ್ಲಿ ವಿಕಿರಣ ವೈದ್ಯಕೇಂದ್ರವು 1963ರಲ್ಲಿ ಸ್ಥಾಪಿತವಾಯಿತು. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಸಹ ಅಲ್ಲಿಯೇ, 2002ರಲ್ಲಿ, ಕೆಲಸಕ್ಕೆ ತೊಡಗಿತು.

ಹೃದಯದ ವಿಷಯಕ್ಕೆ ಬರೋಣ. ಇದನ್ನು ಗಂಗಾವತಿಯ ರೈತನಿಗೆ ವಿವರಿಸುವುದು ಬೆಂಗಳೂರಿನ ವಿದ್ಯಾವಂತನಿಗೆ ವಿವರಿಸುವುದಕ್ಕಿಂತ ಸುಲಭ. ಮುನಿರಾಬಾದಿನಿಂದ ಹೊರಟ ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿ, ಕಾರಟಗಿಗಳ ಭತ್ತದ ಗದ್ದೆಗಳನ್ನು ಹಾಯ್ದು ಮುಂದೆ ರಾಯಚೂರಿನ ಸೀಮೆಗೆ ಹರಿಯುವುದಷ್ಟೆ. ಕಾಲುವೆ ಒಡೆದಿಲ್ಲ, ತೂಬು ಮುಚ್ಚಿಲ್ಲ, ನಕ್ಷೆಯಲ್ಲಿ ಎಲ್ಲವೂ ನೆಟ್ಟಗಿದೆ. ಆದರೂ ಕೊನೆಯಂಚಿನ ರೈತನ ಗದ್ದೆಗೆ ನೀರು ತಲಪುವುದಿಲ್ಲ. ಆ್ಯಂಜಿಯೋಗ್ರಾಮ್ ಎಂಬುದು ಕಾಲುವೆಯ ನಕ್ಷೆ. ಎಲ್ಲಿ ಹೂಳು ತುಂಬಿದೆ, ಎಲ್ಲಿ ಇಕ್ಕಟ್ಟಾಗಿದೆ ಎಂಬುದನ್ನು ಅದು ತೋರುವುದು. ಸೆಸ್ಟಾಮಿಬಿ ಮೊದಲಾದ ಟೆಕ್ನೀಶಿಯಂ ಸಂಯುಕ್ತಗಳಿಂದಲೂ ಥಾಲಿಯಂ-201ರಿಂದಲೂ ಮಾಡುವ ರಕ್ತಸಂಚಾರ ಚಿತ್ರಣವಾದರೋ ಗದ್ದೆಯಲ್ಲಿ ನಿಂತು ನೋಡುವ ಕಣ್ಣು. ರಕ್ತ ಎಲ್ಲಿಗೆ ಎಷ್ಟು ಹರಿಯಿತೋ ಅಲ್ಲಿಗೆ ಅಷ್ಟು ದ್ರವ್ಯವು ಹೃದಯದ ಸ್ನಾಯುವನ್ನು ಸೇರುತ್ತದೆ. ಬೇಸಿಗೆಯ ಬೆಳೆಗೆ ನೀರಿನ ಬೇಡಿಕೆ ಏರಿದಾಗಲೇ ಕೊನೆಯಂಚಿನ ಕೊರತೆ ಬಯಲಾಗುವಂತೆ, ರೋಗಿಯನ್ನು ಯಂತ್ರದ ಮೇಲೆ ಓಡಿಸಿ, ಅದಾಗದವರಿಗೆ ಔಷಧಿ ಕೊಟ್ಟು, ಶ್ರಮದ ಹೊತ್ತಿನ ಒಂದು ಚಿತ್ರವನ್ನೂ ವಿಶ್ರಾಂತಿಯ ಒಂದು ಚಿತ್ರವನ್ನೂ ತೆಗೆಯುತ್ತಾರೆ. ಶ್ರಮದಲ್ಲಿ ಕಪ್ಪಾಗಿದ್ದ ಜಾಗವು ವಿಶ್ರಾಂತಿಯಲ್ಲಿ ತುಂಬಿಕೊಂಡರೆ ಅಲ್ಲಿ ನೀರಿನ ಕೊರತೆಯುಂಟು, ಆದರೆ ನೆಲ ಜೀವಂತವಾಗಿದೆ. ಎರಡರಲ್ಲಿಯೂ ಕಪ್ಪಾಗಿದ್ದರೆ ಬಹುಮಟ್ಟಿಗೆ ಅದು ಹಳೆಯ ಹೃದಯಾಘಾತದ ಕಲೆ, ಬರಡು ಭೂಮಿ.

‘ಬಹುಮಟ್ಟಿಗೆ’ ಎಂದು ಬೇಕೆಂದೇ ಬರೆದೆನು. ನೀರು ತೀರ ಕಡಮೆಯಾದಾಗ ಕೆಲವು ಸ್ನಾಯುಭಾಗಗಳು ಸಾಯದೆ, ಕೆಲಸವನ್ನು ನಿಲ್ಲಿಸಿ, ಬೇಸಿಗೆಯ ಗರಿಕೆಯಂತೆ ಸುಪ್ತವಾಗಿ ಉಳಿಯುವುದುಂಟು. ಸಕ್ಕರೆಯನ್ನು ಬಳಸುತ್ತಿವೆಯೇ ಎಂಬುದನ್ನು ಪೆಟ್ ಚಿತ್ರಣದಿಂದ ನೋಡಿ ಅಂತಹವನ್ನು ಗುರುತಿಸಬಹುದು. ಇನ್ನೊಂದು ಮೋಸವೂ ಇದೆ. ಈ ಚಿತ್ರವು ಹೃದಯದ ಒಂದು ಭಾಗವನ್ನು ಮತ್ತೊಂದರೊಡನೆ ಹೋಲಿಸಿ ಮಾತನಾಡತಕ್ಕದ್ದಾದುದರಿಂದ, ಮೂರು ಮುಖ್ಯಧಮನಿಗಳೂ ಸಮಸಮವಾಗಿ ಇಕ್ಕಟ್ಟಾಗಿದ್ದರೆ ಎಲ್ಲ ಗದ್ದೆಗಳೂ ಒಂದೇ ಸಮನಾಗಿ ಒಣಗಿ, ಚಿತ್ರವು ನಿರ್ದೋಷವೆಂಬಂತೆ ತೋರಬಹುದು. ಇದನ್ನು ಬಲ್ಲ ವೈದ್ಯನು ಚಿತ್ರದೊಡನೆ ರೋಗಿಯ ಎದೆನೋವನ್ನೂ ಓಡುವಾಗ ಇಳಿದ ರಕ್ತದೊತ್ತಡವನ್ನೂ ಸೇರಿಸಿ ಓದುತ್ತಾನೆ.

ಈಗ ಎಲುಬು. ಎಲುಬಿನ ಗಟ್ಟಿಯಾದ ಭಾಗವು ಕ್ಯಾಲ್ಸಿಯಂ, ಫಾಸ್ಫೇಟುಗಳಿಂದಾದ ಹರಳು. ಅದರ ಪ್ರತಿ ಘಟಕದಲ್ಲಿಯೂ ಆಮ್ಲಜನಕ ಜಲಜನಕಗಳ ಒಂದು ಜೋಡಿ, ಹೈಡ್ರಾಕ್ಸಿಲ್, ಕುಳಿತಿರುತ್ತದೆ. ಫ್ಲೋರೈಡಿನ ಗಾತ್ರವು ಆ ಜೋಡಿಯ ಗಾತ್ರಕ್ಕೆ ಸಮೀಪವಾದುದರಿಂದ ಅದು ಸದ್ದಿಲ್ಲದೆ ಬಂದು, ಜೋಡಿಯನ್ನು ಎಬ್ಬಿಸಿ, ತಾನೇ ಆ ಮಣೆಯ ಮೇಲೆ ಕೂಡುತ್ತದೆ. ಬೋರಿನ ನೀರಿನ ಫ್ಲೋರೈಡು ಕುಷ್ಟಗಿಯ ರೈತನ ಎಲುಬನ್ನು ಸೇರುವುದು ಈ ದಾರಿಯಿಂದ. ವಿಕಿರಣಪಟುವಾದ ಫ್ಲೋರಿನ್-18 ಎಲುಬನ್ನು ಸೇರುವುದೂ ಇದೇ ದಾರಿಯಿಂದಲೇ! 1962ರಲ್ಲಿ ಅಮೆರಿಕದ ಬ್ಲೌ ಮೊದಲಾದವರು ಎಲುಬಿನ ಚಿತ್ರಣಕ್ಕೆ ಇದನ್ನು ಪ್ರಯೋಗಿಸಿದರು. ಅನಂತರ ಟೆಕ್ನೀಶಿಯಂ ಕೂಡಿದ ಫಾಸ್ಫೊನೇಟುಗಳು ಅಗ್ಗವಾಗಿಯೂ ಸುಲಭವಾಗಿಯೂ ದೊರೆತುದರಿಂದ ಇಂದಿನ ಸಾಮಾನ್ಯ ‘ಬೋನ್ ಸ್ಕ್ಯಾನ್’ ಅವುಗಳಿಂದ ನಡೆಯುತ್ತದೆ. ಎಲುಬು ಎಲ್ಲಿ ಚುರುಕಾಗಿ ತನ್ನನ್ನು ಕಟ್ಟಿಕೊಳ್ಳುತ್ತಿದೆಯೋ, ಮುರಿತದ ಬಳಿ, ಸೋಂಕಿನ ಬಳಿ, ಬೇರೆಡೆಯಿಂದ ಹಬ್ಬಿ ಬಂದ ಅರ್ಬುದದ ಸುತ್ತ, ಅಲ್ಲಿ ಅದು ಬೆಳಗುತ್ತದೆ.

ನಮ್ಮ ಜಿಲ್ಲೆಗೇ ವಿಶೇಷವಾಗಿ ಅನ್ವಯಿಸುವ ಒಂದು ಎಚ್ಚರಿಕೆ ಇಲ್ಲಿದೆ. ಪ್ರಾಸ್ಟೇಟ್ ಗ್ರಂಥಿಯ ಅರ್ಬುದವು ಎಲುಬುಗಳಿಗೆಲ್ಲ ಹಬ್ಬಿದಾಗ ಇಡೀ ಅಸ್ಥಿಪಂಜರವು ಒಂದೇ ಸಮನಾಗಿ ಪ್ರಜ್ವಲಿಸಿ, ದ್ರವ್ಯವನ್ನೆಲ್ಲ ಎಲುಬೇ ಹೀರಿಕೊಂಡುದರಿಂದ ಮೂತ್ರಪಿಂಡಗಳು ಕಾಣದಂತಾಗುವುದುಂಟು; ವೈದ್ಯರು ಇದನ್ನು ‘ಸೂಪರ್‌ಸ್ಕ್ಯಾನ್’ ಎನ್ನುತ್ತಾರೆ. ಎಲುಬಿಗಿಳಿದ ಫ್ಲೋರೋಸಿಸ್ಸಿನಲ್ಲಿಯೂ ಇದೇ ಚಿತ್ರ ಬರಬಹುದು. ಯಲಬುರ್ಗಾದ ಎಪ್ಪತ್ತರ ಮುದುಕನೊಬ್ಬನು ಬೆನ್ನುನೋವೆಂದು ದೂರದ ನಗರಕ್ಕೆ ಹೋಗಿ, ಆತನ ಎಲುಬುಗಳೆಲ್ಲ ಹೀಗೆ ಬೆಳಗಿದುವೆನ್ನಿ. ಆತ ಯಾವ ಊರಿನವನು, ಯಾವ ಬಾವಿಯ ನೀರನ್ನು ಎಷ್ಟು ವರ್ಷ ಕುಡಿದವನು ಎಂದು ಕೇಳುವಷ್ಟು ವ್ಯವಧಾನವಿಲ್ಲದ ಕಣ್ಣಿಗೆ ಆ ಬೆಳಕು ಮೃತ್ಯುಪತ್ರವಾಗಿ ತೋರಬಹುದು. ಕೋಟಿಗಟ್ಟಲೆ ಬೆಲೆಯ ಯಂತ್ರ ತಡವರಿಸಿದ ಕಡೆ ಮುಂಗೈಯ ಒಂದು ಸಾದಾ ಎಕ್ಸ್‌ರೇ ನೆರವಾಗುತ್ತದೆ: ಮುಂಗೈಯ ಎರಡು ಎಲುಬುಗಳ ನಡುವಣ ಪೊರೆ ಸುಣ್ಣಗಟ್ಟಿರುವುದು ಫ್ಲೋರೋಸಿಸ್ಸಿನ ಪ್ರಸಿದ್ಧ ಲಕ್ಷಣ. ಹಾಗೆಯೇ ನೀರಿನ ಮತ್ತು ಮೂತ್ರದ ಪರೀಕ್ಷೆ. ಅದಕ್ಕಿಂತ ಮೊದಲು, ಬಾಯಿ ತೆರೆಸಿ ಹಲ್ಲನ್ನು ನೋಡುವುದು.

ಫ್ಲೋರಿನ್-18ರ ನಿಜವಾದ ಕೀರ್ತಿ ಎಲುಬಿನಿಂದ ಬಂದುದಲ್ಲ, ಸಕ್ಕರೆಯಿಂದ ಬಂದುದು. ಗ್ಲೂಕೋಸಿನ ಎರಡನೆಯ ಇಂಗಾಲದ ಮೇಲಿರುವ ಹೈಡ್ರಾಕ್ಸಿಲನ್ನು ತೆಗೆದು ಅಲ್ಲಿ ಫ್ಲೋರಿನ್-18ನ್ನು ಕೂಡಿಸಿದರೆ ಎಫ್.ಡಿ.ಜಿ. ಎಂಬ ದ್ರವ್ಯವಾಗುತ್ತದೆ. ಎಲುಬಿನಲ್ಲಿ ನಡೆದ ಅದೇ ಸ್ಥಾನಾಪಹಾರ ಇಲ್ಲಿಯೂ ಎಂಬುದನ್ನು ಗಮನಿಸಬೇಕು. ಜೀವಕೋಶವು ಇದನ್ನು ಸಕ್ಕರೆಯೆಂದೇ ನಂಬಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಪಚನದ ಮೊದಲ ಹೆಜ್ಜೆಯನ್ನೂ ಇಡುತ್ತದೆ. ಎರಡನೆಯ ಹೆಜ್ಜೆ ಸಾಗದೆ ದ್ರವ್ಯವು ಅಲ್ಲಿಯೇ ಸಿಕ್ಕಿಬೀಳುತ್ತದೆ. ಅದರಿಂದ ಹೊಮ್ಮಿದ ಪಾಸಿಟ್ರಾನ್ ಸಮೀಪದ ಎಲೆಕ್ಟ್ರಾನೊಂದನ್ನು ಕೂಡಿ ಎರಡೂ ಅಳಿದಾಗ, ಎದುರುಬದುರಿನ ದಿಕ್ಕುಗಳಿಗೆ ಎರಡು ಗಾಮಾ ಕಿರಣಗಳು ಚಿಮ್ಮುವುವು. ರೋಗಿಯ ಸುತ್ತಲಿರುವ ಪೆಟ್ ಯಂತ್ರದ ಉಂಗುರವು ಆ ಜೋಡಿಗಳನ್ನು ಹಿಡಿದು ಚಿತ್ರ ಬರೆಯುವುದು. ಎಫ್.ಡಿ.ಜಿ.ಯನ್ನು ಮನುಷ್ಯರಿಗೆ ಮೊದಲು ಕೊಟ್ಟುದು 1976ರ ಆಗಸ್ಟಿನಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಬಹುತರ ಅರ್ಬುದಗಳು ಸಕ್ಕರೆಗೆ ಹೊಟ್ಟೆಬಾಕಗಳಾದುದರಿಂದ ಇಂದು ಅದರ ಮುಖ್ಯ ಬಳಕೆ ಅವುಗಳ ಶೋಧದಲ್ಲಿ.

ಆದರೆ ಸಕ್ಕರೆಗೆ ಹಸಿದಿರುವುದು ಅರ್ಬುದವೊಂದೇ ಅಲ್ಲ. ಕ್ಷಯದ ಗಂಟಿನ ಸುತ್ತ ಮುತ್ತಿಗೆ ಹಾಕಿದ ರಕ್ಷಕ ಕೋಶಗಳೂ ಅಷ್ಟೇ ಆತುರದಿಂದ ಅದನ್ನು ನುಂಗುತ್ತವೆ. ಕ್ಷಯವು ವಿರಳವಾಗಿರುವ ದೇಶಗಳಲ್ಲಿ ಬರೆದ ಪುಸ್ತಕವನ್ನು ನಂಬಿ, ನಮ್ಮಲ್ಲಿಯ ಶ್ವಾಸಕೋಶದಲ್ಲಿ ಬೆಳಗಿದ ಗಂಟನ್ನೆಲ್ಲ ಅರ್ಬುದವೆಂದು ಸಾರಿದರೆ ಅನಾಹುತವಾದೀತು. ಸೂಜಿಯಿಂದ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡುವವರೆಗೆ ತೀರ್ಪನ್ನು ತಡೆದಿಡುವುದೇ ಲೇಸು. ರೋಗಿಯ ನಡವಳಿಕೆಯೂ ಚಿತ್ರವನ್ನು ಕೆಡಿಸಬಲ್ಲುದು. ಚುಚ್ಚುಮದ್ದಿನ ಅನಂತರ ಸುಮಾರು ಒಂದು ತಾಸು ಆತನು ಮೌನವಾಗಿ ಒರಗಿರಬೇಕು. ಮಾತನಾಡುತ್ತಿದ್ದರೆ ಗಂಟಲಿನ ಸ್ನಾಯುಗಳು ಬೆಳಗುತ್ತವೆ, ಏನನ್ನಾದರೂ ಅಗಿಯುತ್ತಿದ್ದರೆ ದವಡೆಯ ಸ್ನಾಯುಗಳು ಬೆಳಗುತ್ತವೆ. ಮಾತನ್ನೂ ಎಲೆಯಡಿಕೆಯನ್ನೂ ಏಕಕಾಲಕ್ಕೆ ಬಿಟ್ಟಿರುವುದು ನಮ್ಮ ಕಡೆಯ ಹಿರಿಯರಿಗೆ ಉಪವಾಸಕ್ಕಿಂತ ಕಠಿಣವಾದ ವ್ರತವೆಂಬುದನ್ನು ಆ ಕೋಣೆಯ ಸಿಬ್ಬಂದಿಯವರು ಬಲ್ಲರು.

ಮಿದುಳಿಗೆ ಸಕ್ಕರೆಯೇ ಮುಖ್ಯಾಹಾರ. ದೇಹದ ತೂಕದಲ್ಲಿ ಕೇವಲ ನೂರಕ್ಕೆ 2ರಷ್ಟಿರುವ ಅದು ಶಕ್ತಿಯ ಐದರಲ್ಲಿ ಒಂದು ಪಾಲನ್ನು ವ್ಯಯಿಸುತ್ತದೆ. ವೃದ್ಧರ ಮರೆವನ್ನು ‘ಅರಳುಮರಳು’ ಎಂದು ಕರೆದು ಕೈಬಿಡುವುದು ನಮ್ಮ ವಾಡಿಕೆ. ಅರಳುಮರಳೂ ಒಂದೇ ಬಗೆಯದಲ್ಲವೆಂಬುದನ್ನು ಈ ಚಿತ್ರಗಳು ತೋರಿವೆ: ಆಲ್ಜೈಮರ್ ವ್ಯಾಧಿಯಲ್ಲಿ ಮಿದುಳಿನ ಪಕ್ಕದ ಮತ್ತು ಹಿಂಭಾಗದ ಪ್ರದೇಶಗಳು ಮಂಕಾಗುತ್ತವೆ, ಮರೆವಿಗಿಂತ ಮೊದಲು ನಡತೆಯೇ ಕೆಡುವ ಇನ್ನೊಂದು ವ್ಯಾಧಿಯಲ್ಲಿ ಹಣೆಯ ಹಿಂದಿನ ಭಾಗ ಮಂಕಾಗುತ್ತದೆ. ಕೈನಡುಕವು ಪಾರ್ಕಿನ್ಸನ್ ವ್ಯಾಧಿಯದೋ ನಿರಪಾಯವಾದ ವಂಶಪಾರಂಪರ್ಯದ ನಡುಕವೋ ಎಂಬ ಸಂಶಯವನ್ನು ಡೋಪಮೈನ್ ನರತುದಿಗಳ ಚಿತ್ರಣದಿಂದ ಬಗೆಹರಿಸಬಹುದು. ಮೂರ್ಛೆರೋಗದ ವಿಷಯ ಇನ್ನೂ ಕುತೂಹಲಕರವಾದುದು. ಕೈಗೆ ಕಬ್ಬಿಣದ ಕೀಲಿಯನ್ನು ತುರುಕಿ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವ ನಮ್ಮ ಹಳ್ಳಿಗಳಲ್ಲಿ, ಔಷಧಕ್ಕೆ ಮಣಿಯದ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುವುದೆಂಬುದು ಇನ್ನೂ ಹೊಸ ಮಾತು. ಯಾವ ಮೂಲೆಯಿಂದ ಸೆಳವು ಏಳುವುದೋ ಆ ಮೂಲೆಯು ಸೆಳವಿಲ್ಲದಾಗ ಸಕ್ಕರೆಯನ್ನು ಕಡಮೆ ಬಳಸುತ್ತದೆ, ಸೆಳವಿನ ಕ್ಷಣದಲ್ಲಿ ರಕ್ತವನ್ನು ಹೆಚ್ಚು ಸೆಳೆಯುತ್ತದೆ. ಎರಡು ಚಿತ್ರಗಳನ್ನೂ ತಾಳೆನೋಡಿ ಶಸ್ತ್ರವೈದ್ಯನಿಗೆ ಜಾಗ ತೋರಿಸುವರು. ಬೆಂಗಳೂರಿನ ನಿಮ್ಹಾನ್ಸ್ ನಾಡಿನ ಇಂತಹ ರೋಗಿಗಳ ದೊಡ್ಡ ಆಸರೆ.

ಥೈರಾಯಿಡ್, ಮೂತ್ರಪಿಂಡಗಳ ಪರೀಕ್ಷೆಗಳು ಹಳೆಯವು, ಸರಳವಾದವು. ಅವಕ್ಕೆ ಹೆಚ್ಚು ಮಾತು ಬೇಡ. ಎರಡು ಮೂತ್ರಪಿಂಡಗಳಲ್ಲಿ ಯಾವುದು ಎಷ್ಟು ಪಾಲು ಕೆಲಸ ಮಾಡುತ್ತಿದೆ, ಊದಿಕೊಂಡುದನ್ನು ಉಳಿಸಬೇಕೇ ತೆಗೆಯಬೇಕೇ ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುವ ಇಷ್ಟು ಸುಗಮ ಪರೀಕ್ಷೆ ಬೇರೆ ಇಲ್ಲವೆಂಬುದಷ್ಟನ್ನು ಹೇಳಿದರೆ ಸಾಕು.

ಇನ್ನು ಭಯದ ವಿಷಯ. ‘ಅಣು’ ಎಂಬ ಶಬ್ದವೇ ನಮ್ಮಲ್ಲಿ ಭೀತಿಜನಕ. ಕೈಗಾ ಅಣುವಿದ್ಯುತ್ ಸ್ಥಾವರದ ವಿರುದ್ಧ ಶಿವರಾಮ ಕಾರಂತರು ನಡೆಸಿದ ಹೋರಾಟವನ್ನು ನಾಡು ಮರೆತಿಲ್ಲ. ಈಚೆಗೆ ಕೊಪ್ಪಳದ ಬಳಿ ಅಣುವಿದ್ಯುತ್ ಸ್ಥಾವರದ ಪ್ರಸ್ತಾಪ ಕೇಳಿಬಂದಾಗ ಇಲ್ಲಿಯ ಜನರೂ ಪ್ರತಿಭಟಿಸಿದರು. ಆ ವಾದದಲ್ಲಿ ಯಾರ ಪಕ್ಷ ನ್ಯಾಯವಾದುದೆಂಬುದು ಬೇರೆಯ ಲೇಖನಕ್ಕೆ ವಿಷಯ. ಆದರೆ ಆ ಭಯವನ್ನು ಆಸ್ಪತ್ರೆಯ ಸೂಜಿಯವರೆಗೆ ಎಳೆದು ತರುವುದು ಸರಿಯಲ್ಲ. ನಮ್ಮೆಲ್ಲರ ಶರೀರದಲ್ಲಿ ನಿಸರ್ಗದತ್ತವಾದ ಪೊಟ್ಯಾಸಿಯಂ-40ರ ಸುಮಾರು 4000 ಪರಮಾಣುಗಳು ಪ್ರತಿ ಸೆಕೆಂಡಿಗೂ ಸಿಡಿಯುತ್ತಿವೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಕಟ್ಟಿದ ಗ್ರಾನೈಟಿನಲ್ಲಿಯೂ ತುಸು ಯುರೇನಿಯಂ, ಥೋರಿಯಂ ಇದ್ದೇ ಇವೆ. ಒಂದು ಬೋನ್ ಸ್ಕ್ಯಾನಿನಿಂದ ರೋಗಿಗೆ ತಗಲುವ ವಿಕಿರಣವು ಎರಡು ವರ್ಷಗಳಲ್ಲಿ ನಿಸರ್ಗವೇ ಕೊಡುವಷ್ಟು. ಹಾಗೆಂದು ಅದು ಶೂನ್ಯವಲ್ಲ. ಗರ್ಭಿಣಿಯರಿಗೆ ಅನಿವಾರ್ಯವಲ್ಲದೆ ಮಾಡಬಾರದು, ಮೊಲೆಯುಣಿಸುವ ತಾಯಂದಿರಿಗೆ ಎಚ್ಚರಿಕೆ ಹೇಳಬೇಕು. ಪ್ಯಾಕೇಜುಗಳ ಹೆಸರಿನಲ್ಲಿ ಆರೋಗ್ಯವಂತರಿಗೂ ಪೆಟ್ ಸ್ಕ್ಯಾನ್ ಮಾಡುವ ವ್ಯಾಪಾರವನ್ನು ನಾನಂತೂ ಸಮರ್ಥಿಸಲಾರೆ.

ಕೊಪ್ಪಳ ಜಿಲ್ಲೆಗೆ ನಿಜವಾದ ಅಡ್ಡಿ ಭಯವಲ್ಲ, ಗಡಿಯಾರ. ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಬೆಂಗಳೂರಿನ ಸೈಕ್ಲೋಟ್ರಾನಿನಿಂದ ಹೊರಟ ದ್ರವ್ಯವು ಆರು ತಾಸು ರಸ್ತೆಯಲ್ಲಿ ಓಡಿ ಕೊಪ್ಪಳವನ್ನು ಮುಟ್ಟುವ ವೇಳೆಗೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಹುಬ್ಬಳ್ಳಿಯಷ್ಟು ಸಮೀಪದಲ್ಲಿ ಅದನ್ನು ತಯಾರಿಸಿದರೆ ಎರಡು ತಾಸಿನ ದಾರಿಯಲ್ಲಿ ಅರ್ಧದ ಸಮೀಪ ಉಳಿಯಬಹುದು. ಟೆಕ್ನೀಶಿಯಂ ಹೀಗೆ ಅವಸರದ ಅತಿಥಿಯಲ್ಲ. ಅದರ ಜನರೇಟರಿನೊಳಗಿನ ಮಾಲಿಬ್ಡಿನಂ-99ರ ಅರ್ಧಾಯು 66 ತಾಸು. ಮುಂಬಯಿಯಿಂದ ರೈಲಿನಲ್ಲಿ ಬಂದರೂ ವಾರವೊಪ್ಪತ್ತು ಕರೆಯಬಹುದು. ಅದಕ್ಕೂ ಬರಗಾಲ ಬರುವುದುಂಟು: 2009ರಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರು ಕೆಟ್ಟು ನಿಂತಾಗ ಜಗತ್ತಿನಾದ್ಯಂತ ಪರೀಕ್ಷೆಗಳು ಮುಂದೂಡಲ್ಪಟ್ಟವು. ಆದರೂ ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟ. ಪೆಟ್ ಯಂತ್ರವನ್ನು ಜಿಲ್ಲೆಗೊಂದರಂತೆ ಬೇಡುವುದು ಬರಿಯ ಘೋಷಣೆ. ಹೃದಯ, ಎಲುಬು, ಮೂತ್ರಪಿಂಡ, ಥೈರಾಯಿಡ್ ಈ ನಾಲ್ಕಕ್ಕೂ ಸಲ್ಲುವ ಒಂದು ಗಾಮಾ ಕ್ಯಾಮೆರಾವನ್ನು, ಅದನ್ನು ಓದಬಲ್ಲ ಒಬ್ಬ ವೈದ್ಯನೊಡನೆ, 2015ರಲ್ಲಿ ಆರಂಭವಾದ ಕೊಪ್ಪಳದ ವೈದ್ಯಕೀಯ ಕಾಲೇಜಿನಂತಹ ಕಡೆ ಸಾಕುವುದು ಸಾಧ್ಯವಾದ ಕೆಲಸ. ಅದಕ್ಕಿಂತ ಮೊದಲು ಆಗಬೇಕಾದುದು ನದಿಯ ನೀರು ಕೊನೆಯ ಹಳ್ಳಿಯ ನಲ್ಲಿಯವರೆಗೆ ತಪ್ಪದೆ ಬರುವುದು. ಎಲುಬಿನ ಕಾಯಿಲೆಗೆ ಎಲುಬಿನ ಚಿತ್ರ ಮದ್ದಲ್ಲ.

ಅದುವರೆಗೆ ರೋಗಿಗಳ ಪ್ರಯಾಣ ನಡೆದೇ ಇರುತ್ತದೆ. 2025ರಲ್ಲಿ ಕುಷ್ಟಗಿಗೂ ರೈಲು ಬಂದಿದೆ. ಬೆಂಗಳೂರಿಗೆ ರಾತ್ರಿಯ ಬಸ್ಸುಗಳಿವೆ. ಅಲ್ಲಿ ಸಂಜೆ 4 ಗಂಟೆಗೆ ಸೂಜಿ ಚುಚ್ಚಿಸಿಕೊಂಡ ರೈತನು ಚಿತ್ರ ಮುಗಿಸಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ, ಬೆಳಗಿನ 6 ಗಂಟೆಗೆ ಕುಷ್ಟಗಿಯಲ್ಲಿ ಇಳಿಯುವನೆನ್ನೋಣ. ಸೈಕ್ಲೋಟ್ರಾನಿನಲ್ಲಿ ಭಾರವಾದ ಆಮ್ಲಜನಕವುಳ್ಳ ನೀರಿನಿಂದಲೇ ಹುಟ್ಟಿದ ಆ ಫ್ಲೋರಿನ್, ಅಷ್ಟು ಹೊತ್ತಿಗೆ, ಇನ್ನೂರರಲ್ಲಿ ಒಂದು ಪಾಲಿನ ಹೊರತು, ಮತ್ತೆ ಆಮ್ಲಜನಕವಾಗಿ ಮಾರ್ಪಟ್ಟಿರುತ್ತದೆ. ಅದು ಸಿಕ್ಕಿಬಿದ್ದಿದ್ದ ಸಕ್ಕರೆಯೂ ಕಳೆದುಕೊಂಡಿದ್ದ ಹೈಡ್ರಾಕ್ಸಿಲನ್ನು ಹಿಂದಕ್ಕೆ ಪಡೆದು ಸಾಮಾನ್ಯ ಗ್ಲೂಕೋಸಿನಂತೆ ಜೀರ್ಣವಾಗಿ ಹೋಗಿರುತ್ತದೆ. ನಲವತ್ತು ವರ್ಷ ಬೋರಿನ ನೀರಿನಿಂದ ಬಂದು ಸೇರಿದ ಇನ್ನೊಂದು ಫ್ಲೋರಿನ್ ಆತನ ಬೆನ್ನಿನ ಎಲುಬುಗಳಲ್ಲಿ ಎಂದಿನಂತೆ ಕುಳಿತಿರುತ್ತದೆ. ಆತನು ಬಸ್ಸಿನಿಂದಿಳಿದು, ಬೆನ್ನನ್ನು ಬಗ್ಗಿಸಲಾಗದೆ ಮಂಡಿ ಮಡಿಚಿ ಚೀಲವನ್ನೆತ್ತಿಕೊಂಡು, ನಿಲ್ದಾಣದ ನಲ್ಲಿಯ ಬಳಿ ಬಾಯಾರಿಕೆಗೆ ನಿಲ್ಲುತ್ತಾನೆ.